ಹಗಲು ಗಂಡ, ರಾತ್ರಿ ಗಂಡ

ಈ ಸಲ ಪಂಚಮಿಗೆ ನಮ್ಮನ್ಯಾಗೆ ಒಂದು ತಮಾಷಿ ಆತು. ಅದನ್ನ ಹೇಳಾಕಂತ ಕುಂತೀನಿ. ಅಸಲಿಗೆ ಅದು ತಮಾಷಿನೋ ಅಲ್ಲೋ ಅಂಬೋದು ನನಗೇ ಇನ್ನೂ ಪೂರ್ತಿ ತಿಳಿದಿಲ್ಲ. ಓದಿ ಮುಗಿಸಿದ ಮ್ಯಾಲೆ ನೀವೇ ಹೇಳ್ರಿ.

ಬೆಳಿಗ್ಗೆ ಹುತ್ತಕ್ಕೆ ಹೋಗಿ ಹಾಲೆರೆದು ಬಂದಿದ್ವಿ. ಉಂಡು ಮುಗಿಸಿ, ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿನ ಡಬ್ಬಿ ಮುಂದಿಟ್ಕಂಡು ಪಡಸಾಲ್ಯಾಗೆ ಕುಂತಿದ್ವಿ. ನಾನು, ನಮ್ಮ ಸೊಸೆ, ಹಬ್ಬಕ್ಕೆ ಬಂದಿದ್ದ ನಮ್ಮ ಮಗಳು. ನಮ್ಮನಿಯವ್ರು ಹೊರಗೆ ಕಟ್ಟಿ ಮ್ಯಾಲೆ ಅಡ್ಡಾಗಿದ್ರು. ಸೊಸೆ ಫೋನನ್ನ ಟಿವಿಗೆ ಹಚ್ಚಿ, "ಅತ್ತೆ, ಇವತ್ತು ನಾಗಪ್ಪನ ಹಬ್ಬ. ನಾಗಪ್ಪನ ಸಿನಿಮಾನೇ ನೋಡಣ" ಅಂತ 'ನಾಗಮಂಡಲ' ಹಾಕಿದ್ಲು.

ಸಿನಿಮಾ ಅರ್ಧಕ್ಕೆ ಬಂದಿತ್ತು. ಸೊಸೆ ಉಂಡಿ ಮುರಿಯೋದು ಬಿಟ್ಟು ನನ್ನ ಕಡೆ ತಿರುಗಿದ್ಲು. "ಅತ್ತೆ, ನಿಜವಾಗ್ಲೂ ಆಕಿಗೆ ಗೊತ್ತಾಗಲಿಲ್ವಾ? ರಾತ್ರಿ ಬರೋನು ತನ್ನ ಗಂಡ ಅಲ್ಲ ಅಂತ?"

ನನಗೆ ಮೈ ಜುಮ್ ಅಂತು. ಯಾಕಂದ್ರೆ ಇದೇ ಮಾತನ್ನ ಇಪ್ಪತ್ತೈದು ವರ್ಷದ ಹಿಂದೆ ಇದೇ ಪಡಸಾಲ್ಯಾಗೆ ಕುಂತು ನಾನು ನಮ್ಮತ್ತೆಗೆ ಕೇಳಿದ್ದೆ.

ನೋಡದೆ ಇರೋರಿಗೆ ಕತಿ ಒಂಚೂರು ಹೇಳ್ತೀನಿ. ನಾಗಮಂಡಲ 1997ರಾಗೆ ಬಂದ ಸಿನಿಮಾ. ಗಿರೀಶ ಕಾರ್ನಾಡರ ನಾಟಕ, ಅದನ್ನ ಸಿನಿಮಾ ಮಾಡಿದೋರು ಟಿ.ಎಸ್. ನಾಗಾಭರಣ. ಸಂಗೀತ ಸಿ. ಅಶ್ವತ್ಥ್ ಅವರದ್ದು. ಮಾತು ಬಡಗಣ ಸೀಮಿ ಮಾತು, ನಮ್ಮ ಮಾತಿಗೆ ಹತ್ತಿರ. ಹಂಗಾಗಿ ಬೆಂಗಳೂರು ಸಿನಿಮಾ ನೋಡಿದಂಗೆ ಅನ್ನಿಸಾದಿಲ್ಲ, ಪಕ್ಕದ ಓಣಿ ಸುದ್ದಿ ಕೇಳಿದಂಗೆ ಇರತೈತೆ.

ಅಪ್ಪಣ್ಣ ಅಂತ ಒಬ್ಬ. ರಾಣಿ ಅನ್ನೋ ಹುಡುಗಿನ್ನ ಮದುವಿ ಮಾಡ್ಕಂಡು, ಆಕಿ ದೊಡ್ಡಾಕಿ ಆದ ಮ್ಯಾಲೆ ಮನಿಗೆ ಕರ್ಕಂಡು ಬರ್ತಾನೆ. ಕರ್ಕಂಡು ಬಂದು ಏನ್ ಮಾಡ್ತಾನೆ ಅಂತೀರಿ? ಒಳಗೆ ಹಾಕಿ ಬೀಗ ಜಡಿದು ಹೋಗ್ತಾನೆ. ಮಧ್ಯಾಹ್ನ ಬರ್ತಾನೆ, ಜಳಕ ಮಾಡ್ತಾನೆ, ಉಣ್ತಾನೆ, ಮತ್ತೆ ಬೀಗ. ರಾತ್ರಿಯೆಲ್ಲ ಇನ್ನೊಬ್ಬಾಕಿ ಮನ್ಯಾಗೆ. ಈ ಹುಡುಗಿಗೆ ಮಾತಾಡಾಕೆ ಒಂದು ನರಪಿಳ್ಳೆ ಇಲ್ಲ. ಕಂಬದಾಗೆ ಕೆತ್ತಿದ ಗೊಂಬಿ ಸಂಗಾಟ ಮಾತಾಡ್ತಾಳೆ. ಸಂಗೀತಾ ಕಟ್ಟಿಯವರು ಹಾಡಿದ ಆ ಹಾಡನ್ನ ನೀವೆಲ್ಲ ಕೇಳೇ ಇರ್ತೀರಿ.

ಅಪ್ಪಣ್ಣನ ತಾಯಿ ಗೆಳತಿ ಒಬ್ಬಾಕಿ ಇರ್ತಾಳೆ, ಕುರುಡವ್ವ. ಆ ಪಾತ್ರ ಬಿ. ಜಯಶ್ರೀ ಅವರು ಮಾಡ್ಯಾರೆ. ಆಕಿ ಬಂದು, ಹುಡುಗಿ ಪಾಡು ನೋಡಿ, ಗಂಡನ್ನ ಒಲಿಸ್ಕಳ್ಳಾಕೆ ಬೇರು ಕೊಡ್ತಾಳೆ. ಅದನ್ನ ತೇದು ಸಾರಿಗೆ ಹಾಕಿದ್ರೆ ಸಾರು ಕುದ್ದು ಕೆಂಪಗೆ ರಕ್ತದಂಗೆ ಆಗತೈತೆ. ರಾಣಿ ಹೆದರಿ ಆ ಸಾರನ್ನ ಒಯ್ದು ಹುತ್ತಕ್ಕೆ ಸುರಿದುಬಿಡ್ತಾಳೆ. ಹುತ್ತದಾಗಿದ್ದ ನಾಗಪ್ಪ ಅದನ್ನ ಕುಡಿದು, ಗಂಡಗೆ ಹತ್ತಬೇಕಾದ ಹುಚ್ಚು ತನಗೆ ಹತ್ತಿಸ್ಕಂಡು, ಅವತ್ತಿನಿಂದ ರಾತ್ರಿ ರಾತ್ರಿ ಬಚ್ಚಲ ತೂಬಿನಾಗೆ ನುಸುಳಿ ಅಪ್ಪಣ್ಣನ ರೂಪದಾಗೆ ಬರಾಕೆ ಶುರು ಮಾಡ್ತಾನೆ. ಪ್ರಕಾಶ್ ರೈ ಗಂಡನೂ ಅವನೇ, ನಾಗಪ್ಪನೂ ಅವನೇ. ರಾಣಿ ಅಂದ್ರೆ ವಿಜಯಲಕ್ಷ್ಮಿ.

ಹಗಲೊತ್ತು ಬರೋ ಗಂಡ ತಾಟು ಎಲ್ಲೈತೆ, ನೀರು ಎಲ್ಲೈತೆ ಅಂತ ಗದರಿಸ್ತಾನೆ. ರಾತ್ರಿ ಬರೋನು ನಿನ್ನ ಅಪ್ಪ ಅವ್ವ ಹೆಂಗಿದ್ರು, ನೆನಪಾಗ್ತಾರಾ ಅಂತ ಕೇಳ್ತಾನೆ. ರಾತ್ರಿ ಆಡಿದ ಮಾತನ್ನ ಈ ಹುಡುಗಿ ಹಗಲೊತ್ತು ನೆನಪು ಮಾಡಾಕೆ ಹೋದ್ರೆ ಆತ "ಏನು ಹುಚ್ಚು ಹಿಡಿದೈತಾ" ಅಂಬಂಗೆ ನೋಡ್ತಾನೆ. ನಗು ಬರತೈತೆ, ಪಾಪನೂ ಅನ್ನಿಸತೈತೆ.

ನಾನು ಮೊದಲ ಸಲ ನೋಡಿದ್ದು ಸಿನಿಮಾ ಬಂದು ಮೂರ್ನಾಲ್ಕು ವರ್ಷ ಆದ ಮ್ಯಾಲೆ. ಆಗ ನಮ್ಮನ್ಯಾಗೆ ಹನ್ನೊಂದು ಮಂದಿ. ನಮ್ಮತ್ತೆ, ನಮ್ಮ ಮಾವನ ತಮ್ಮನ ಹೆಂಡ್ತಿ ಚಿಗತ್ತೆ, ನಮ್ಮ ನೆಗೆಣ್ಣಿ, ನಾನು, ಓಣಿಯ ಇನ್ನ ನಾಕು ಹೆಣ್ಮಕ್ಕಳು. ಗಂಡಸರು ಊಟ ಮುಗಿಸಿ ಹೊರಗೆ ಹೋಗಿದ್ರು. ಸಾರನ್ನ ಹುತ್ತಕ್ಕೆ ಸುರಿದಾಗ ನಮ್ಮತ್ತೆ, "ಅಯ್ಯೋ ಇವಳ, ಒಂದು ಗಡಿಗಿ ಸಾರು ಹಾಳು ಮಾಡಿದ್ಲಲ್ಲೇ, ಗಂಡಗೆ ಈಗ ಏನು ನೀಡ್ತಾಳೆ?" ಅಂದ್ರು. ಎಲ್ರೂ ಹೊಟ್ಟಿ ಹಿಡ್ಕಂಡು ನಕ್ಕಿದ್ವಿ. ಅವರಿಗೆ ನಾಗಪ್ಪನ ಚಿಂತಿ ಇಲ್ಲ, ಸಾರಿನ ಚಿಂತಿ.

ಮುಂದೆ ರಾಣಿ ಬಸುರಿ ಆಗ್ತಾಳೆ. ಅಪ್ಪಣ್ಣ ಕೆಂಡ ಆಗ್ತಾನೆ. ಪಂಚಾಯ್ತಿ ಸೇರತೈತೆ. ಆಕಿ ಹುತ್ತದಾಗೆ ಕೈ ಹಾಕಿ, ಹಾವು ಹಿಡಿದು ಪ್ರಮಾಣ ಮಾಡಬೇಕು. ಆಕಿ ಹುತ್ತದ ಮುಂದೆ ನಿಂತಾಳೆ, ಕೈ ಚಾಚ್ಯಾಳೆ, ಕರೆಕ್ಟ್ ಅಷ್ಟೊತ್ತಿಗೆ ಕರೆಂಟು ಹೋತು! ಆಗಿನ ಕರೆಂಟಿನ ಕತಿ ನಿಮಗೆ ಗೊತ್ತೇ ಐತೆ. ಒಂದು ತಾಸು ಕಾದ್ವಿ, ಬರಲಿಲ್ಲ. ನಮ್ಮ ನೆಗೆಣ್ಣಿ ಅಳೋದೊಂದು ಬಾಕಿ. ಆಗ ನಮ್ಮತ್ತೆ ಬುಡ್ಡಿ ದೀಪ ಹಚ್ಚಿ ನಡುವೆ ಇಟ್ಟು, "ಕುಂದ್ರಿ, ಮುಂದಿಂದು ನಾನು ಹೇಳ್ತೀನಿ" ಅಂದ್ರು.

"ನಿಮಗೆ ಹೆಂಗೆ ಗೊತ್ತು?"

"ಇದು ನಮ್ಮವ್ವ ಹೇಳ್ತಿದ್ದ ಕತಿ. ಸಿನಿಮಾದೋರು ಈಗ ಮಾಡ್ಯಾರೆ ಅಷ್ಟೇ."

ನಮಗೆಲ್ಲ ಆಶ್ಚರ್ಯ. ನಮ್ಮತ್ತೆ ಸಹಿ ಮಾಡಾಕೂ ಬಾರದೋರು. ಆದ್ರೆ ಅವರು ಹೇಳಿದ್ದು ಖರೇ ಅಂತ ನನಗೆ ಗೊತ್ತಾಗಿದ್ದು ಮೊನ್ನೆ ಸೊಸೆ ನಾಟಕದ ಪುಸ್ತಕ ತಂದು ಕೊಟ್ಟಾಗ. ಕಾರ್ನಾಡರಿಗೆ ಈ ಕತಿ ಸಿಕ್ಕಿದ್ದು ಎ.ಕೆ. ರಾಮಾನುಜನ್ ಅವರಿಂದ. ಮೈಸೂರಾಗೆ ಹುಟ್ಟಿ, ಅಮೆರಿಕದ ಚಿಕಾಗೋದಾಗೆ ಪಾಠ ಹೇಳ್ತಿದ್ದ ದೊಡ್ಡ ಮನುಷ್ಯ, ನಮ್ಮ ಅಜ್ಜಿ ಕತಿಗಳನ್ನ ಕೂಡಿಟ್ಟೋರು. ಇವೆಲ್ಲ ಅಡುಗಿ ಮನ್ಯಾಗೆ ವಯಸ್ಸಾದ ಹೆಂಗಸರು ಮಕ್ಕಳಿಗೆ ಉಣ್ಣಾಕೆ ಹಾಕ್ತಾ ಹೇಳೋ ಕತಿ, ಮಕ್ಕಳ ನೆಪದಾಗೆ ಅಲ್ಲೇ ಇರೋ ಹೆಂಗಸರೂ ಕೇಳಿಸ್ಕಳ್ಳೋ ಕತಿ ಅಂತ ಕಾರ್ನಾಡರೇ ಹೇಳ್ಯಾರೆ. ಜ್ಞಾನಪೀಠ ಬಂದ ದೊಡ್ಡ ಬರಹಗಾರರ ನಾಟಕದ ಬೇರು ನಮ್ಮ ಒಲಿ ಮುಂದಿನ ಮಾತಿನಾಗೆ ಐತೆ ಅಂದ್ರೆ ಖುಷಿ ಆಗಲ್ವಾ?

ಸರಿ, ನಮ್ಮತ್ತೆ ಕತಿ ಮುಗಿಸಿದ್ರು. ರಾಣಿ ಹುತ್ತದಾಗಿಂದ ನಾಗಪ್ಪನ್ನ ಹಿಡಿದೆತ್ತಿ, "ಈ ಕೈಯಾಗೆ ನಾನು ಮುಟ್ಟಿದ್ದು ಇಬ್ಬರನ್ನೇ, ಒಬ್ಬ ನನ್ನ ಗಂಡ, ಇನ್ನೊಬ್ಬ ಈ ನಾಗಪ್ಪ" ಅಂತಾಳೆ. ಹಾವು ಕಚ್ಚೋದಿಲ್ಲ, ತಲಿ ಮ್ಯಾಲೆ ಹೆಡಿ ಎತ್ತಿ ನಿಂದ್ರತೈತೆ. ಊರೆಲ್ಲ ದೇವತಿ ಅಂತ ಕಾಲಿಗೆ ಬೀಳತೈತೆ. ನಮ್ಮ ನೆಗೆಣ್ಣಿ ಚಪ್ಪಾಳಿ ತಟ್ಟಿ, "ಎಂಥ ಜಾಣಿ ನೋಡು, ಒಂದು ಸುಳ್ಳಿಲ್ಲ ಆ ಮಾತಿನಾಗೆ!" ಅಂದ್ಲು. ಚಿಗತ್ತೆ ಮಾತ್ರ ನಗಲಿಲ್ಲ. "ಅವನು ರಾತ್ರಿ ಎಲ್ಲಿಗೆ ಹೋಗ್ತಿದ್ದ ಅಂತ ಹುತ್ತದಾಗೆ ಕೈ ಹಾಕ್ಸಿ ಕೇಳಿದ್ರಾ ಯಾರಾದ್ರೂ?" ಅಂದ್ರು. ಯಾರೂ ಮಾತಾಡಲಿಲ್ಲ. ಚಿಗತ್ತೆಯ ಸಂಸಾರದ ಸುದ್ದಿ ನಮಗೆಲ್ಲ ಗೊತ್ತಿತ್ತು. ಅವರ ಗಂಡ ಹಗಲೊತ್ತು ಊರಿಗೆಲ್ಲ ದೇವರಂಥ ಮನುಷ್ಯ. ರಾತ್ರಿ ಕುಡಿದು ಬಂದಾಗ ಯಾರು ಅನ್ನೋದು ಚಿಗತ್ತೆಗೊಬ್ಬಾಕಿಗೇ ಗೊತ್ತು. ಎಲ್ಲರ ಮನ್ಯಾಗೂ ರಾತ್ರಿ ಬರೋನೇ ಒಳ್ಳೇನು ಅಂತ ತಿಳ್ಕಬ್ಯಾಡ್ರಿ. ಕತಿ ಒಂದೇ, ಒಬ್ಬೊಬ್ಬರ ಮನ್ಯಾಗೆ ತಿರುಗುಮುರುಗು.

ಆಮ್ಯಾಲೆ ನಾನು ನಮ್ಮತ್ತೆಗೆ ಕೇಳಿದೆ. "ಅತ್ತೆ, ಆಕಿಗೆ ಗೊತ್ತಾಗಲಿಲ್ವಾ?"

ನಮ್ಮತ್ತೆ ದೀಪದ ಕುಡಿ ಸರಿ ಮಾಡ್ತಾ ಅಂದ್ರು: "ಗೊತ್ತಿಲ್ದೆ ಏನು? ಗಂಡನ ಕೈ ಯಾವುದು, ಹಾವಿನ ಮೈ ಯಾವುದು ತಿಳಿಯಲ್ವಾ? ಕೇಳಿದ್ರೆ ನಾಳಿಂದ ಬರೋದಿಲ್ಲ ಅಂತ ಸುಮ್ಮನಿದ್ಲು."

ಈ ಮಾತು ನನ್ನೊಳಗೆ ನೆಟ್ಟಂಗೆ ನಿಂತುಬಿಡ್ತು. ಯಾಕೆ ಅಂತ ಹೇಳ್ತೀನಿ.

ನಾನು ಮದುವಿ ಆಗಿ ಈ ಊರಿಗೆ ಬಂದಿದ್ದು 1990ರಾಗೆ. ಪಿಯುಸಿ ಪಾಸಾಗಿದ್ದೆ. ತುಂಬಿದ ಮನಿ. ನಿಮ್ಮಲ್ಲಿ ನನ್ನ ವಾರಿಗೆಯೋರಿಗೆ ಇದು ಹೇಳೋದೇ ಬ್ಯಾಡ, ಆಗ ಗಂಡ ಅನ್ನೋನು ಹಗಲೊತ್ತು ಹೆಂಡ್ತಿ ಮುಖ ನೋಡ್ತಿರಲಿಲ್ಲ. ಹಿರಿಯರ ಮುಂದೆ ಮಾತಾಡಿದ್ರೆ ಮರ್ಯಾದಿ ಹೋತು. ನೀರು ಬೇಕಾದ್ರೂ ನಮ್ಮತ್ತೆಗೆ "ಅವ್ವಾ, ನೀರು" ಅಂತಿದ್ರೇ ಹೊರತು ಪಕ್ಕದಾಗೆ ನಿಂತಿದ್ದ ನನಗೆ ಅನ್ನುತ್ತಿರಲಿಲ್ಲ. ಅದೇ ಮನುಷ್ಯ ರಾತ್ರಿ ಅಂಗಿ ಜೇಬಿನಾಗೆ ಮಿರ್ಚಿ ಕಟ್ಟಿಸ್ಕಂಡು ಬರೋರು. ಎಣ್ಣಿ ಹತ್ತಿ ಜೇಬು ಹಾಳಾಗಿರೋದು, ಮರುದಿನ ಅದನ್ನ ಒಗಿಯಾಕೆ ನಾನೇ. "ಕೈ ಯಾಕೆ ಸುಟ್ಟೈತೆ, ರೊಟ್ಟಿ ಬಡಿವಾಗ ಸುಟ್ಕಂಡ್ಯಾ?" ಅಂತ ಕೇಳೋರು. ಬೆಳಕು ಹರಿದ್ರೆ ಮತ್ತೆ ಕಲ್ಲು. ನಾನು ಮೊದಮೊದಲು ಹಿಂಗೇ ಅನ್ಕಂತಿದ್ದೆ, ನನಗೆ ಇಬ್ಬರು ಗಂಡಂದಿರು ಅದಾರೆ, ಒಬ್ಬ ಹಗಲಿಂದು, ಒಬ್ಬ ರಾತ್ರಿದು. ಅದಕ್ಕೇ ನಾಗಮಂಡಲ ನೋಡಿದಾಗ ಮಾಯ ಮಂತ್ರದ ಸಿನಿಮಾ ಅಂತ ನಮಗ್ಯಾರಿಗೂ ಅನ್ನಿಸಲಿಲ್ಲ. ನಮ್ಮನಿ ಸುದ್ದಿ ಅನ್ನಿಸ್ತು.

ಮಿರ್ಚಿ ತನಕ ಆದ್ರೆ ನಗೋ ಮಾತು. ಮದುವಿ ಆದ ವರ್ಷವೇ, ಪಂಚಮಿ ಮುಂದೆ, ನಮ್ಮ ತಮ್ಮ ಟಿಸಿಎಚ್ ಫಾರಂ ತಂದು ಕೊಟ್ಟ. ಎರಡು ವರ್ಷ ಓದಿದ್ರೆ ಪ್ರೈಮರಿ ಸ್ಕೂಲ್ ಟೀಚರ್ ಆಗಬೋದಿತ್ತು. ನನ್ನ ಪಿಯುಸಿ ಮಾರ್ಕ್ಸ್ ಚಲೋ ಇದ್ವು. ರಾತ್ರಿ ಇವ್ರಿಗೆ ತೋರಿಸಿದೆ. ಫಾರಂ ತಿರುವಿ ತಿರುವಿ ನೋಡಿ, "ತುಂಬು, ಹಾಕು, ನಾನು ಅಪ್ಪಗೆ ಹೇಳ್ತೀನಿ" ಅಂದ್ರು. ನಾನು ಅವತ್ತು ನಿದ್ದಿನೇ ಮಾಡಲಿಲ್ಲ.

ಮರುದಿನ ಎಲ್ಲರೂ ಉಣ್ಣಾಕೆ ಕುಂತಾಗ ನಮ್ಮತ್ತೆಯೇ, "ಅದೇನೋ ಕಾಗದ ಬಂದೈತಂತೆ" ಅಂದ್ರು. ಮಾವ ತಲಿ ಎತ್ತಿದ್ರು. ನಾನು ಬಾಗಿಲ ಮರೆಯಾಗೆ ನಿಂತು ಇವ್ರ ಬಾಯಿನೇ ನೋಡ್ತಿದ್ದೆ. ಇವ್ರು ರೊಟ್ಟಿ ಮುರಿದು, ಉಚ್ಚೆಳ್ಳು ಚಟ್ನಿ ಹಚ್ಕಂಡು, "ಯಾವ ಕಾಗದನೋ, ನನಗೇನು ಗೊತ್ತು" ಅಂದ್ರು.

ಅಷ್ಟೇ. ಫಾರಂ ಕಡೇ ದಿನಾಂಕ ದಾಟಿತು. ನಾನು ಅದನ್ನ ಮಡಚಿ ಟ್ರಂಕಿನ ತಳದಾಗೆ ಧಾರೆ ಸೀರಿ ಕೆಳಗೆ ಇಟ್ಟೆ. ರಾತ್ರಿ ಇವ್ರು ಮತ್ತೆ ಮೊದಲಿನಂಗೇ ಇದ್ರು, ನಾನೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ? ಕೇಳಿದ್ರೆ ಆ ರಾತ್ರಿ ಬರೋನೂ ಬರದಂಗೆ ಆದ್ರೆ ಅಂತ ಭಯ. ಇದನ್ನೇ ನಮ್ಮತ್ತೆ ರಾಣಿ ಮ್ಯಾಲೆ ಇಟ್ಟು ಹೇಳಿದ್ರಲ್ಲ, ನನಗೆ ನೆಟ್ಟಂಗೆ ಆಗಿದ್ದು ಅದಕ್ಕೇ. ನಮ್ಮತ್ತೆಗೂ ಯಾವುದೋ ಫಾರಂ ಇತ್ತೋ ಏನೋ, ಯಾವ ಟ್ರಂಕಿನಾಗೆ ಇಟ್ಟಿದ್ರೋ. ಕೇಳಬೇಕಿತ್ತು, ಕೇಳಲಿಲ್ಲ. ಈಗ ಅವರಿಲ್ಲ.

ನಾಟಕದ ಪುಸ್ತಕದಾಗೆ ಶುರುವಿಗೆ ಒಂದು ಸಂಗತಿ ಬರತೈತೆ. ಪಾಳು ಗುಡಿಯಾಗೆ ರಾತ್ರಿ ಊರಿನ ದೀಪದ ಜ್ಯೋತಿಗಳೆಲ್ಲ ಸೇರಿ ತಮ್ಮ ತಮ್ಮ ಮನಿ ಸುದ್ದಿ ಹೇಳ್ಕಂತಾವೆ. ದೀಪ ಆರಿಸಿದ ಮ್ಯಾಲೆ ಅವು ಎಲ್ಲಿಗೆ ಹೋಗ್ತಾವೆ ಅಂದ್ರೆ ಹರಟಿ ಹೊಡಿಯಾಕೆ! ಅದೂ ನಮ್ಮ ನಾಡಿನ ಅಜ್ಜಿ ಕತಿಯೇ, ರಾಮಾನುಜನ್ ಕೂಡಿಟ್ಟಿದ್ದರಾಗೆ ಐತೆ. ಒಬ್ಬ ಹೆಂಗಸಿಗೆ ಒಂದು ಕತಿ, ಒಂದು ಹಾಡು ಗೊತ್ತಿತ್ತಂತೆ. ಯಾರಿಗೂ ಹೇಳದೆ ಒಳಗೇ ಇಟ್ಕಂಡಿದ್ಲು. ಅವಕ್ಕೆ ಉಸಿರು ಕಟ್ಟಿ, ಆಕಿ ಮಲಗಿದಾಗ ಬಾಯಿಂದ ಜಿಗಿದು ಹೊರಗೆ ಬಂದ್ವು. ಕತಿ ಒಂದು ಜೊತಿ ಗಂಡಸರ ಜೋಡಾಗಿ ಬಾಗಿಲಾಗೆ ಕುಂತ್ತು. ಹಾಡು ಕೋಟಾಗಿ ಗೂಟಕ್ಕೆ ನೇತು ಬಿತ್ತು. ಗಂಡ ಬಂದ, ಯಾರ ಜೋಡು, ಯಾರ ಕೋಟು ಅಂತ ಜಗಳ ತೆಗೆದು, ಕಂಬಳಿ ಎತ್ಕಂಡು ಹನುಮಪ್ಪನ ಗುಡಿಗೆ ಮಲಗಾಕೆ ಹೋದ. ಅಲ್ಲಿ ಜ್ಯೋತಿಗಳು ಆಡೋ ಮಾತು ಕೇಳಿ ಅವನಿಗೆ ಖರೇ ಸಂಗತಿ ತಿಳೀತು. ಮನಿಗೆ ಬಂದು "ಏನೇ, ಆ ಕತಿ ಹಾಡು ಹೇಳು" ಅಂದ್ರೆ, ಆಕಿಗೆ ಮರ್ತೇ ಹೋಗಿತ್ತು. "ಯಾವ ಕತಿ, ಯಾವ ಹಾಡು?" ಅಂದ್ಲಂತೆ.

ಇದನ್ನ ಓದಿದಾಗಿಂದ ನನಗೆ ಆ ಕಡೇ ಮಾತಿನ ಹೆದರಿಕಿ. ಹೇಳದೆ ಇಟ್ಟಿದ್ದು ಕೊನಿಗೆ ನಮಗೇ ಮರ್ತುಹೋಗತೈತೆ.

ಈಗ ಪಂಚಮಿ ದಿನಕ್ಕೆ ವಾಪಸ್ಸು ಬರ್ತೀನಿ. ಸೊಸೆ ಕೇಳಿದ್ಲಲ್ಲ, ಗೊತ್ತಾಗಲಿಲ್ವಾ ಅಂತ. ನಾನು ನಮ್ಮತ್ತೆ ಹೇಳಿದ್ದನ್ನೇ ಹೇಳಿದೆ. "ಗೊತ್ತಿತ್ತು. ಕೇಳಿದ್ರೆ ಬರೋದಿಲ್ಲ ಅಂತ ಸುಮ್ಮನಿದ್ಲು."

ಸೊಸೆ, "ನಾನಾಗಿದ್ರೆ ಎರಡನೇ ದಿನವೇ ಕೇಳ್ತಿದ್ದೆ" ಅಂದ್ಲು. ನನ್ನ ಮಗಳು ನಕ್ಕು, "ಕೇಳಿದ್ದೀಯಾ ಹಂಗಾದ್ರೆ ನಮ್ಮಣ್ಣನ್ನ?" ಅಂದ್ಲು. ಸೊಸೆ ಮುಖ ಸಣ್ಣದಾತು. ಒಂದು ಗಳಿಗಿ ಬಿಟ್ಟು ಮೆಲ್ಲಗೆ ಅಂದ್ಲು: "ಬಿ.ಎಡ್.ಗೆ ಹಾಕು, ನಾನು ಅಪ್ಪಗೆ ಹೇಳ್ತೀನಿ ಅಂತ ಎರಡು ವರ್ಷದಿಂದ ರಾತ್ರಿ ಹೇಳ್ತಾರೆ ಅತ್ತೆ. ಬೆಳಿಗ್ಗೆ ಮಾವನ ಮುಂದೆ ಮಾತು ತೆಗೆದ್ರೆ, ನೋಡಣ ಬಿಡು ಅಂತ ಎದ್ದು ಹೋಗ್ತಾರೆ."

ನನ್ನ ಕೈಯಾಗಿದ್ದ ಉಂಡಿ ಕೈಯಾಗೇ ಉಳೀತು. ಹಾವು ತೂಬಿನಾಗೆ ಬರತೈತೆ ಅಂತ ಸಿನಿಮಾದಾಗೆ ನೋಡ್ತಾ ಕುಂತೀವಿ, ಅದು ನಮ್ಮನಿಯಾಗೆ ಇನ್ನೊಂದು ತಲಿಮಾರಿಗೆ ಬಂದು ಕುಂತೈತೆ. ಅವನು ನನ್ನ ಮಗ, ನಾನೇ ಬೆಳೆಸಿದ್ದು. ಅಪ್ಪನ ಮುಂದೆ ಬಾಯಿ ಬಿಡಬಾರದು ಅಂತ ಕಲಿಸಿದ್ದೂ ನಾನೇ.

ಸಂಜಿ ಚಾಕ್ಕೆ ಎಲ್ಲರೂ ಸೇರಿದ್ರು. ಇನ್ನೂ ಬಿಸಿಲು ಇತ್ತು. ನಾನು ಒಳಗೆ ಹೋಗಿ ಟ್ರಂಕು ತೆಗೆದು ಆ ಫಾರಂ ತಂದೆ. ಹಳದಿ ಆಗೈತೆ, ಮಡಿಕಿ ಬಿದ್ದ ಕಡೆ ಹರಿದೈತೆ. ಇವ್ರ ಚಾ ಲೋಟದ ಪಕ್ಕ ಇಟ್ಟೆ. "ಏನ್ರೀ, ಈ ಕಾಗದ ಗುರುತು ಸಿಗತೈತಾ?" ಅಂದೆ. ಕೈ ನಡುಗ್ತಿತ್ತು. ಮೂವತ್ತೈದು ವರ್ಷ ಆದ ಮ್ಯಾಲೆ ಕೇಳಾಕೂ ಇಷ್ಟು ಭಯನಾ ಅಂತ ನನಗೇ ನಾಚಿಕಿ ಆತು.

ಇವ್ರು ಕನ್ನಡಕ ಹಾಕ್ಕಂಡು ನೋಡಿದ್ರು. ಬಹಳ ಹೊತ್ತು ಮಾತಾಡಲಿಲ್ಲ. ಆಮ್ಯಾಲೆ, "ಐತೆ ನೆನಪು" ಅಂದ್ರು. "ಅಪ್ಪಗೆ ಹೇಳಬೇಕು ಅಂತಲೇ ಎರಡು ಸಲ ಹೊಲಕ್ಕೆ ಹೋಗಿದ್ದೆ. ಅಪ್ಪ ಕುಂಟಿ ಹೊಡೀತಿದ್ದ. ನಾನೂ ಇನ್ನೊಂದು ಕುಂಟಿ ಹೂಡಿ, ಸಂಜಿ ತನಕ ಹೊಡದು, ಹೇಳದೇ ಮನಿಗೆ ಬಂದೆ."

ಮಗಳು ಫಕ್ಕನೆ ನಕ್ಕಳು. ನನಗೂ ನಗು ಬಂತು, ಹಿಂದೇನೇ ಸಿಟ್ಟೂ ಬಂತು. ಕೇಳಿದ್ರೆ ಹೋಗಿಬಿಡ್ತಾನೆ ಅಂತ ನಾನು ಹೆದರ್ಕಂಡು ಕುಂತಿದ್ದೆ, ಇವ್ರು ಅಪ್ಪಗೆ ಹೆದರ್ಕಂಡು ಹೊಲ ಹರಗಿ ಬಂದಿದ್ರು. ಇಬ್ಬರ ನಡುವೆ ಕಡೇ ದಿನಾಂಕ ದಾಟಿಹೋಗಿತ್ತು. "ಆ ಹೊಲ ಬೆಳೆದಿದ್ದು ಎಷ್ಟು ಚೀಲ ಅಂತ ಲೆಕ್ಕ ಐತಾ? ನನ್ನ ಲೆಕ್ಕ ಯಾರು ಇಟ್ಟಾರೆ?" ಅಂದೆ. ಇವ್ರು ತಲಿ ತಗ್ಗಿಸಿದ್ರು. "ತಪ್ಪಾತು" ಅನ್ನಲಿಲ್ಲ, ಆದ್ರೆ ಫಾರಂನ ಹರಿದ ಕಡೆ ಬೆರಳಿನಾಗೆ ಸರಿ ಮಾಡ್ತಾ ಕುಂತ್ರು. ನಮ್ಮನಿಯವ್ರು ಇನ್ನೂ ಅಷ್ಟೇ.

ನಾನು ಮಗನ ಕಡೆ ತಿರುಗಿದೆ. "ನೀನು ಕುಂಟಿ ಹೊಡಿಯೋನಾ, ಮಾತಾಡೋನಾ?" ಅಂದೆ. ಅವನಿಗೆ ಮೊದಲು ತಿಳೀಲಿಲ್ಲ, ಹೆಂಡ್ತಿ ಮುಖ ನೋಡಿದ ಮ್ಯಾಲೆ ತಿಳೀತು. ಬೆವರು ಒರೆಸ್ಕಂಡು, "ಅಪ್ಪಾ, ಇವಳು ಬಿ.ಎಡ್. ಮಾಡಲಿ ಅಂತ ನಂದು" ಅಂದ. ಹಗಲು ಹೊತ್ತಿನಾಗೆ, ಎಲ್ಲರ ಮುಂದೆ. ಇವ್ರು ಚಾ ಕುಡಿದು ಲೋಟ ಕೆಳಗಿಟ್ಟು, "ಮಾಡಲಿ. ನನ್ನೇನು ಕೇಳ್ತೀಯಾ, ನಾನೇನು ಬ್ಯಾಡ ಅಂದಿದ್ನಾ?" ಅಂದ್ರು! ಎರಡು ವರ್ಷ ಆ ಹುಡುಗಿ ಕಾದಿದ್ದು ಇಷ್ಟೇ ಮಾತಿಗೆ.

ಅರ್ಜಿ ಹಾಕೋದು ಇನ್ನ ಮುಂದೆ. ಸೀಟು ಸಿಗತೈತೋ, ಮೊಮ್ಮಗನ್ನ ನಾನು ಹೆಂಗೆ ಸಂಬಾಳಿಸ್ತೀನೋ, ದಿನಾ ಬಸ್ಸಿಗೆ ಹೋಗಿ ಬರೋದು ಹೆಂಗೋ, ಎಲ್ಲ ಮುಂದಿನ ಮಾತು. ಆ ಹಳೇ ಫಾರಂ ಮಾತ್ರ ಮತ್ತೆ ಟ್ರಂಕಿಗೆ ಹೋಗಿಲ್ಲ. ಸೊಸೆ ತನ್ನ ಮಾರ್ಕ್ಸ್ ಕಾರ್ಡಿನ ಫೈಲಿನಾಗೆ ಇಟ್ಕಂಡಾಳೆ. ಯಾಕವ್ವಾ ಅಂದ್ರೆ, "ಇರಲಿ ಅತ್ತೆ" ಅಂದ್ಲು.

ಸಿನಿಮಾದ ಕೊನಿ ನಾನು ಹೇಳಿಲ್ಲ, ನೋಡದೆ ಇರೋರು ನೋಡ್ರಿ. ನಮ್ಮತ್ತೆ ಹೇಳಿದ ಕತಿಯಾಗೆ ನಾಗಪ್ಪ ಸಾಯಾದಿಲ್ಲ, ರಾಣಿ ಜಡಿಯಾಗೆ ಸೇರ್ಕಂಡು ಅಲ್ಲೇ ಇದ್ದುಬಿಡತೈತೆ. ಕಾರ್ನಾಡರ ನಾಟಕದಾಗೂ ಒಂದು ಕಡೆ ನಾಗಪ್ಪ ಸತ್ತಂಗೆ, ಅದು ಬ್ಯಾಡ ಅಂದ್ರೆ ಇನ್ನೊಂದು ಕಡೆ ಜಡಿಯಾಗೆ ಉಳಿದಂಗೆ, ಎರಡು ಕೊನಿ ಐತೆ. ನಮ್ಮತ್ತೆಗೆ ಯಾವುದು ಬೇಕಿತ್ತೋ ಅದನ್ನ ಅವರು ಹೇಳಿದ್ರು. ನೋಡಿದ ಮ್ಯಾಲೆ ನಿಮಗೆ ಯಾವುದು ಬೇಕು ಅಂತ ನನಗೆ ಹೇಳ್ರಿ. ಜತಿಗೆ ನಿಮ್ಮ ಟ್ರಂಕಿನ ತಳದಾಗೆ ಏನಾದ್ರೂ ಇದ್ರೆ ಅದನ್ನೂ ಹೇಳ್ರಿ. ಬಾಗಿಲಾಗೆ ಜೋಡು ಬಂದು ಕುಂದ್ರೋಕೆ ಮುಂಚೆ.